ಲಕಮನಹಳ್ಳಿಯ ಒಂದೇ ಒಂದು ಕೀಲಿಕೈ

ಕಳ್ಳ ಬರಬಹುದಿತ್ತು. ಹಿಂದಿನ ಕಾಂಪೌಂಡ್ ಗೋಡೆ ನನ್ನ ಎದೆಮಟ್ಟಕ್ಕಿತ್ತು. ನನ್ನ ಎದೆಯೇನೂ ಅಂಥ ಎತ್ತರದ್ದಲ್ಲ. ಸಿಡಿಲು ಬಡಿದು ಕಂಪ್ಯೂಟರ್ ಕರಕಲಾಗಬಹುದಿತ್ತು. ಕರೆಂಟು ಹೋಗಿ, ಬಂದು, ಮತ್ತೆ ಹೋಗಿ, ಅರ್ಧಮರ್ಧ ಬಂದು ಹಾರ್ಡ್ ಡಿಸ್ಕಿನ ಉಸಿರು ನಿಲ್ಲಬಹುದಿತ್ತು. ಇಲಿ ವೈರು ಕಡಿಯಬಹುದಿತ್ತು. ಬೀಜದ ಕಂಪನಿಯ ಇಲಿ, ಉಂಡು ಕೊಬ್ಬಿದ್ದು, ಹಲ್ಲಿಗೆ ಏನಾದರೂ ಉದ್ಯೋಗ ಬೇಕೇ ಬೇಕು. ಮಾಳಿಗೆ ಸೋರಿ, ಬೇರೆಲ್ಲೂ ಬೀಳದೆ ಹನಿ ನೆಟ್ಟಗೆ ಕಂಪ್ಯೂಟರಿನ ನೆತ್ತಿಗೇ ಬೀಳಬಹುದಿತ್ತು. ಎದುರಾಳಿ ಕಂಪನಿಯವರು ನಮ್ಮವನೊಬ್ಬನಿಗೆ ನೌಕರಿಯ ಆಸೆ ಹಚ್ಚಿ ಒಳಗಿನದನ್ನೆಲ್ಲ ಹೊರಗೆ ತರಿಸಬಹುದಿತ್ತು. ವೈರಸ್ಸು ಬರಬಹುದಿತ್ತು. ನನಗೇ ಬಸ್ಸಿನಲ್ಲಿ ತಲೆಗೆ ಪೆಟ್ಟು ಬಿದ್ದು ಪಾಸ್‌ವರ್ಡ್ ಮರೆತುಹೋಗಬಹುದಿತ್ತು.

ಇದೆಲ್ಲವನ್ನೂ ಆ ವರ್ಷ ನಾನು ಇನ್ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ನಂಬರು ಹಾಕಿ ಬರೆದಿದ್ದೆ. ಒಟ್ಟು ಅರವತ್ಮೂರು ಅನಾಹುತ. ನೋಟ್‌ಬುಕ್ಕು ನೋಡಿದ ನನ್ನ ಹೆಂಡತಿ, "ಚಿಂತಿ ಮಾಡೂದಕ್ಕ ಪಗಾರ ಕೊಡೋದಿದ್ರ ನೀವು ಇಷ್ಟೊತ್ತಿಗೆ ಜನರಲ್ ಮ್ಯಾನೇಜರ್ ಆಗಿರ್ತಿದ್ರಿ" ಅಂದಿದ್ದಳು. ನಾನು ಬರೀ ಮ್ಯಾನೇಜರ್ ಆಗಿದ್ದೆ.

ಕಳೆದ ತಿಂಗಳು ಒಂದು ಪಾರ್ಸೆಲ್ ಬಿಡಿಸಿಕೊಳ್ಳಲು ಧಾರವಾಡದ ಲಕಮನಹಳ್ಳಿಗೆ ಹೋಗಬೇಕಾಯಿತು. ಕೊರಿಯರ್ ಕಚೇರಿಯ ವಿಳಾಸ ಹಿಡಿದು ಇಂಡಸ್ಟ್ರಿಯಲ್ ಏರಿಯಾದ ಒಳರಸ್ತೆಗಳಲ್ಲಿ ತಿರುಗಿ ತಿರುಗಿ ಕೊನೆಗೆ ಬಂದು ನಿಂತದ್ದು ನಮ್ಮ ಹಳೆಯ ಗೋದಾಮಿನ ಮುಂದೆಯೇ. ಬೋರ್ಡು ಬದಲಾಗಿದೆ, ಬಣ್ಣ ಬದಲಾಗಿದೆ, ಒಳಗೆ ಹೋದರೆ ವಾಸನೆ ಮಾತ್ರ ಅದೇ. ಬೀಜಕ್ಕೆ ಹುಳು ಹತ್ತದಂತೆ ಲೇಪಿಸುವ ಗುಲಾಬಿ ಬಣ್ಣದ ಔಷಧಿ ಪುಡಿಯ ವಾಸನೆ ಅದು. ಮೂಗಿಗೆ ಸಿಹಿ, ಗಂಟಲಿಗೆ ಕಹಿ. ಇಪ್ಪತ್ತು ವರ್ಷಗಳ ಸುಣ್ಣದ ಕೆಳಗಿನಿಂದಲೂ ಗೋಡೆ ಅದನ್ನೇ ಬಿಡುತ್ತಿತ್ತು. ಪಾರ್ಸೆಲ್ಲಿಗೆ ಸಹಿ ಮಾಡುವಾಗ ಕೆಳಗೆ 'ಮ್ಯಾನೇಜರ್' ಎಂದೂ ಬರೆದುಬಿಟ್ಟೆ. ಕೌಂಟರಿನ ಹುಡುಗಿ "ಯಾವ ಕಂಪನೀರಿ ಕಾಕಾ?" ಎಂದು ಕೇಳಿದಳು.

ಇದೇ ಗೋಡೆಗಳ ಕಂಪನಿ. ಮುಚ್ಚಿ ಎಷ್ಟೋ ವರ್ಷವಾಯಿತು.

ಎರಡು ಸಾವಿರದ ಇಸವಿಗೆ ಜಗತ್ತಿನ ಕಂಪ್ಯೂಟರುಗಳೆಲ್ಲ ನಿಂತುಹೋಗುತ್ತವೆ ಎಂದು ಹೆದರಿಸಿದ್ದರಲ್ಲ, ನಾನು ಹೇಳುತ್ತಿರುವುದು ಅದು ಸುಳ್ಳಾದ ಮರುವರ್ಷದ ಮಾತು. ನಿಜ ಹೇಳಬೇಕೆಂದರೆ ಏನೂ ಆಗದ್ದಕ್ಕೆ ನನಗೆ ಒಳಗೊಳಗೆ ನಿರಾಸೆಯೇ ಆಗಿತ್ತು; ಎರಡು ವರ್ಷ ಚಿಂತೆ ಮಾಡಿದ್ದು ಹಾಳಾಯಿತಲ್ಲ ಎಂದು. ಹುಬ್ಬಳ್ಳಿಯ ಬೆಂಗೇರಿಯಿಂದ ದಿನವೂ ಬಸ್ಸು ಹಿಡಿದು ಈ ಗೋದಾಮಿಗೆ ಬರುತ್ತಿದ್ದೆ. ನಮ್ಮದು ಸಣ್ಣ ಬೀಜದ ಕಂಪನಿ. ಮೆಣಸಿನಕಾಯಿಯ ಹೈಬ್ರಿಡ್ ಬೀಜ ನಮ್ಮ ಹೆಸರು, ನಮ್ಮ ಅನ್ನ. ಹೈಬ್ರಿಡ್ ಅಂದರೆ ಒಂದು ತಳಿಯ ಹೂವಿಗೆ ಇನ್ನೊಂದು ತಳಿಯ ಪರಾಗ ಮುಟ್ಟಿಸಿ ತೆಗೆದ ಬೀಜ. ಯಾವ ಹೆಣ್ಣಿಗೆ ಯಾವ ಗಂಡು ಎನ್ನುವುದೇ ಗುಟ್ಟು. ಆ ಗುಟ್ಟು ಗೊತ್ತಿದ್ದವನು ಫಕೀರಪ್ಪ, ಕೆಲಗೇರಿಯವನು. ಸಾಲಿ ಕಲಿತದ್ದು ನಾಲ್ಕನೇ ಇಯತ್ತೆ. ಇಪ್ಪತ್ತೆರಡು ವರ್ಷ ಹೊಲದಲ್ಲಿ ಬಾಗಿ ಬಾಗಿ ಬೆನ್ನು ಕುಡುಗೋಲಿನಂತೆ ಡೊಂಕಾಗಿತ್ತು. ಏಳು ಉದ್ದನೆಯ ವಹಿಗಳಲ್ಲಿ ಎಲ್ಲವನ್ನೂ ಬರೆದಿಟ್ಟಿದ್ದ.

ಮಾಲೀಕರನ್ನು ಎಲ್ಲರೂ ಸಾವಕಾರ್ರು ಎನ್ನುತ್ತಿದ್ದರು. ಕೆಟ್ಟವರಲ್ಲ. ಕೊನೆಗೆ ಯಾರು ಮಾತಾಡಿದರೋ ಅವರ ಮಾತು ಅವರಿಗೆ ಸರಿ ಕಾಣುತ್ತಿತ್ತು, ಅಷ್ಟೇ. ಆ ವರ್ಷ ಕೊನೆಗೆ ಮಾತಾಡುತ್ತಿದ್ದವರು ಅವರ ಅಳಿಯ. ಮಗಳನ್ನು ಕೊಟ್ಟ ಅಳಿಯ. ನಮ್ಮ ಕಡೆ ಅಳಿಯ ಅಂದರೆ ಗೊತ್ತಲ್ಲ: ಅವನು ಕುಡಿದ ನೀರು ಉಪ್ಪೆಂದರೆ ಬಾವಿಯನ್ನೇ ಬದಲಾಯಿಸಬೇಕು. ಈ ಮನುಷ್ಯ ಮೂರು ವ್ಯಾಪಾರ ಮುಳುಗಿಸಿ, ನಾಲ್ಕನೆಯದಕ್ಕೆ ನಮ್ಮಲ್ಲಿಗೆ ಬಂದಿದ್ದ. ಪುಣೆಯ ಯಾವುದೋ ಹೋಟೆಲ್ಲಿನಲ್ಲಿ ಮೂರು ದಿನದ ತರಬೇತಿಗೆ ಹೋಗಿ, ಹೆಗಲಿಗೆ ಒಂದು ಬಣ್ಣದ ಚೀಲ, ಬಾಯಿಗೆ ಒಂದು ಹೊಸ ಶಬ್ದ ಹಾಕಿಕೊಂಡು ವಾಪಸು ಬಂದ. ಶಬ್ದ: ಎನ್‌ಕ್ರಿಪ್ಶನ್. ಅದನ್ನು ಹೇಳುವಾಗ ಕಣ್ಣು ಅರ್ಧ ಮುಚ್ಚುತ್ತಿದ್ದ, ಮಂತ್ರ ಹೇಳುವವರಂತೆ.

ಒಂದು ಮಧ್ಯಾಹ್ನ ನಮ್ಮನ್ನೆಲ್ಲ ಕೂರಿಸಿ ಉಪದೇಶ ನಡೆಯಿತು. ಗಿರ್ಮಿಟ್ ತರಿಸಿದ್ದರು. ಫಕೀರಪ್ಪ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದ.

"ಅದ ಏನ್ ಮಾಡತೈತ್ರಿ ಅಳಿಯಾವ್ರ, ನೀವ್ ಹೇಳಿದ್ದು?"

"ನೋಡ ಫಕೀರಪ್ಪ, ಈಗ ನೀ ಬರದಿದ್ದು ಯಾಂವ ಬೇಕಾದಾಂವ ಓದಬಹುದು. ಹೌದಿಲ್ಲೋ? ಕಂಪ್ಯೂಟರ್‌ನಾಗ ಹಾಕಿ ಎನ್‌ಕ್ರಿಪ್ಶನ್ ಮಾಡಿದ್ನೆಪಾ ಅಂದ್ರ, ಅದು ಅಕ್ಷರ ಎಲ್ಲಾ ಕಲಸಿಬಿಡ್ತೈತಿ. ಈ ಗಿರ್ಮಿಟ್ ಕಲಸಿದಂಗ. ಕದ್ದಾಂವಗ ಬರೇ ಕಸಾ ಕಾಣತೈತಿ."

"ಮತ್ತ ನಮಗ?"

"ನಮ್ಮ ಹಂತ್ಯಾಕ ಕೀಲಿಕೈ ಇರತೈತಿ. ಒಂದ ಫ್ಲಾಪಿ. ಅದನ್ನ ತುರುಕಿದ್ರ ಎಲ್ಲಾ ಮೊದಲಿನಂಗ."

ಫಕೀರಪ್ಪ ತಟ್ಟೆಯನ್ನು ನೋಡಿದ. "ಕಲಸಿದ ಗಿರ್ಮಿಟ್ಟಿನ್ಯಾಗಿಂದ ಉಳ್ಳಾಗಡ್ಡಿ ಬ್ಯಾರೆ, ಚುರುಮುರಿ ಬ್ಯಾರೆ ಮಾಡೂ ಕೀಲಿಕೈ. ಛಲೋ ಐತಿ. ಅದು ಕಳದ್ರ?"

"ಕಳಿಯಂಗಿಲ್ಲ."

"ಅಲ್ರಿ, ಕಳದ್ರ ಅಂದ್ನಿ."

"ಕಳದ್ರ ಸಾಕ್ಷಾತ್ ದೇವರ ಬಂದ್ರೂ ತಗಿಯಾಕ ಆಗಂಗಿಲ್ಲ!" ಎಂದ ಅಳಿಯ, ಅದೇನೋ ದೊಡ್ಡ ಸಾಧನೆಯೆಂಬಂತೆ ಎದೆಯುಬ್ಬಿಸಿ. ಅವನ ಜೀವಮಾನದಲ್ಲಿ ಪೂರ್ತಿ ಖರೆಯಾದ ಮಾತು ಅದೊಂದೇ.

ಸಾವಕಾರ್ರು ತಲೆದೂಗಿದರು. ನಾನೂ ದೂಗಿದೆ. ನನ್ನ ತಲೆ ಆ ಕಾಲದಲ್ಲಿ ಸಾವಕಾರ್ರ ತಲೆಗೆ ದಾರ ಕಟ್ಟಿದಂತಿತ್ತು.

ವಹಿಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನನಗೆ ಬಂತು. ಆ ವರ್ಷದ ಶ್ರಾವಣ ಪೂರ್ತಿ ಅದೇ. ಹೊರಗೆ ಧಾರವಾಡದ ಜಿಟಿಜಿಟಿ, ನಿಲ್ಲುವುದೂ ಇಲ್ಲ, ಧೈರ್ಯವಾಗಿ ಸುರಿಯುವುದೂ ಇಲ್ಲ. ಒಳಗೆ ಫಕೀರಪ್ಪ ಸ್ಟೂಲಿನ ಮೇಲೆ ಕೂತು ಓದುತ್ತಿದ್ದ, ನಾನು ಎರಡು ಬೆರಳಿನಲ್ಲಿ ಕುಟ್ಟುತ್ತಿದ್ದೆ. ಅವನು ತಳಿಗಳಿಗೆ ನಂಬರು ಇಟ್ಟಿರಲಿಲ್ಲ, ಬೀಗರ ಹೆಸರು ಇಟ್ಟಿದ್ದ. ಖಾರವಾದದ್ದು 'ಸಿಟ್ಟಿನ ಅತ್ತಿ'. ಕಾಯಿ ಉದ್ದವಾಗಿ ತುದಿ ಡೊಂಕಾದದ್ದು 'ಗಿಳಿಮೂಗಿನ ಮಾವ'. ಕೆಲಗೇರಿ ಕೆರೆಯ ಏರಿಯ ಮೇಲೆ ತಾನೇ ಹುಟ್ಟಿ, ರೋಗಕ್ಕೆ ಜಗ್ಗದೆ ನಿಂತಿದ್ದ ಒಂದು ಗಿಡದಿಂದ ತೆಗೆದದ್ದು 'ಕೆರೀ ಸೊಸಿ'.

"ಈ ಸೊಸಿ ಬಂದಮ್ಯಾಲನ ನೋಡ್ರಿ ನಮ್ಮ ಕಂಪನಿ ಮನಿತನಾ ಆತು. ಎಲಿಮುದುಡು ರೋಗಾ ಊರೆಲ್ಲಾ ತಿಂದ್ರೂ ಆಕಿ ಮಕ್ಕಳನ್ನ ಮುಟ್ಟಲಿಲ್ಲ."

ಹೀಗೆ ನೂರಾ ಹನ್ನೆರಡು ತಳಿ. ಕೇಳುತ್ತ ಕೇಳುತ್ತ ನನಗೆ ನನ್ನ ಸ್ವಂತ ಬೀಗರಿಗಿಂತ ಇವರೇ ಹೆಚ್ಚು ಪರಿಚಯವಾದರು. ಹೆಚ್ಚು ಮರ್ಯಾದಸ್ಥರೂ ಇದ್ದರು.

ಐದನೇ ವಹಿಯಲ್ಲಿ ಎಡವಟ್ಟಾಯಿತು. ಅಳಿಯ ಬಂದು ನನ್ನ ಹೆಗಲ ಮೇಲಿಂದ ಪರದೆಗೆ ಇಣುಕಿದ. ನಾನು ಕುಟ್ಟುತ್ತಿದ್ದ ಸಾಲು: 'ಮೈಗಳ್ಳ ಅಳಿಯ. ಗಂಡು. ಹೂವು ಬಾಳ, ಪರಾಗ ಇಲ್ಲ. ನೋಡಾಕಷ್ಟ ಛಲೋ.'

"ಯಾರಿಂವ?" ಎಂದ ಅಳಿಯ.

"ಮೆಣಸಿನಗಿಡಾರಿ," ಎಂದ ಫಕೀರಪ್ಪ. "ಎಂಬತ್ತೇಳರಾಗ ಬರದಿದ್ದು. ಆಗ ನಿಮ್ಮ ಲಗ್ನಾನ ಆಗಿದ್ದಿಲ್ಲಲ್ರಿ."

ತಾರೀಖು ನೋಡಿದರೆ ನಿಜವೇ. ಆದರೆ ತನಗೆ ಹೊಂದುವ ಅಂಗಿಯನ್ನು ಯಾವನೂ ಬೇರೆಯವರದೆಂದು ಒಪ್ಪುವುದಿಲ್ಲ. ಮರುದಿನವೇ ಹೊಸ ಹುಕುಂ ಬಂತು. ಭದ್ರತೆಯ ದೃಷ್ಟಿಯಿಂದ ಹೆಸರುಗಳೆಲ್ಲ ರದ್ದು, ಎಲ್ಲ ತಳಿಗೂ ನಂಬರು. ತಂಪು ಕೋಣೆಯಲ್ಲಿದ್ದ ಬೀಜದ ಪೊಟ್ಟಣಗಳ ಹಳೆಯ ಚೀಟಿ ಹರಿದು ನಂಬರಿನ ಚೀಟಿ. ಯಾವ ನಂಬರು ಯಾವ ತಳಿ ಎನ್ನುವುದು ಕಂಪ್ಯೂಟರಿನೊಳಗೆ ಮಾತ್ರ. ಕೆಲಸ ಮುಗಿದ ಮೇಲೆ ವಹಿಗಳನ್ನು ಸುಡುವುದು. "ಒಂದು ಕಡೆ ಕೀಲಿ ಹಾಕಿ ಇನ್ನೊಂದು ಕಡೆ ಬಾಗಲಾ ತಗದಿಟ್ರ ಏನ್ ಸೆಕ್ಯುರಿಟಿ ಆತ್ರಿ ಮಾವನವರ?" ಎಂದು ಕೇಳಿದ್ದ. ಮಾವನವರಿಗೆ ಅದು ಸರಿ ಕಂಡಿತು.

ಭಾದ್ರಪದದ ಒಂದು ಬೆಳಿಗ್ಗೆ ಗೋದಾಮಿನ ಹಿಂದೆ ಏಳೂ ವಹಿಗಳನ್ನು ಸುಟ್ಟರು. ಹಸಿ ಹವೆಗೆ ಬೇಗ ಹತ್ತಲಿಲ್ಲ. ಅಳಿಯ ಕರ್ಚೀಫಿನಿಂದ ಮೂಗು ಮುಚ್ಚಿಕೊಂಡು ಕಡ್ಡಿ ಗೀರಿ ಗೀರಿ ಸೋತ. ಕೊನೆಗೆ ಫಕೀರಪ್ಪನೇ ಬಗ್ಗಿ, ವಹಿಗಳನ್ನು ಬಿಡಿಸಿ, ಗಾಳಿಯಾಡುವಂತೆ ಗುಡಾರದ ಹಾಗೆ ನಿಲ್ಲಿಸಿ, ಬೆಂಕಿ ಹಚ್ಚಿಕೊಟ್ಟ. ತನ್ನ ಕೆಲಸವನ್ನು ಯಾರೂ ಅರೆಬರೆ ಮಾಡುವುದು ಅವನಿಗೆ ಸಹನವಾಗುತ್ತಿರಲಿಲ್ಲ, ಸುಡುವುದನ್ನು ಸಹ.

"ಹೋಗ್ಲಿ ಬಿಡ್ರಿ," ಎಂದ ನನ್ನ ಕಡೆ ತಿರುಗಿ. "ನಿಮ್ಮ ಪೆಟಿಗ್ಯಾಗ ಅದಾರಲ್ಲ ಎಲ್ಲಾರೂ. ಜ್ವಾಕಿ."

ಆ 'ಜ್ವಾಕಿ' ನನ್ನ ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಹೋಯಿತು. ಅಂದಿನಿಂದಲೇ ಅರವತ್ಮೂರು ಅನಾಹುತಗಳ ಪಟ್ಟಿ ಶುರುವಾದದ್ದು.

ಕಲಸಿದ ಕಡತದ ಪ್ರತಿಗಳು ಬೇಕಾದಷ್ಟಿದ್ದವು. ಕಂಪ್ಯೂಟರಿನಲ್ಲಿ ಒಂದು, ಕಪಾಟಿನ ಸಿಡಿಯಲ್ಲಿ ಒಂದು, ಸಾವಕಾರ್ರ ಮನೆಯ ದೇವರ ಗೂಡಿನಲ್ಲಿ ಒಂದು. ಫ್ಲಾಪಿಯ ಜೊತೆಗೆ ಪಾಸ್‌ವರ್ಡೂ ಬೇಕಿತ್ತು, ಸಾವಕಾರ್ರ ಮೊಮ್ಮಗನ ಹೆಸರು. ಅದೇ ಹೆಸರು ಕಂಪನಿಯ ಟೆಂಪೋದ ಹಣೆಯ ಮೇಲೆ ಗೇಣುದ್ದದ ಅಕ್ಷರದಲ್ಲಿ ಬರೆದು ಹುಬ್ಬಳ್ಳಿ ಧಾರವಾಡ ತುಂಬ ಓಡಾಡುತ್ತಿತ್ತು. ಕೀಲಿಕೈ ಫ್ಲಾಪಿ ಮಾತ್ರ ಒಂದೇ: ಅಂಗೈಯಗಲದ ಚೌಕ ಪ್ಲಾಸ್ಟಿಕ್ಕು, ಮೇಲೆ ಹೆಸರು ಬರೆಯುವ ಕಾಗದ, ಅಂಚಿಗೆ ಸರಿಯುವ ತಗಡು. ಅಳಿಯನ ಕೈಗಡಿಯಾರದ ಖಾಲಿ ಡಬ್ಬಿಯಲ್ಲಿ, ತಿಜೋರಿಯಲ್ಲಿ.

"ಇನ್ನೊಂದು ಕಾಪಿ ಮಾಡಿಟ್ಟರ ಹೆಂಗ್ರಿ?" ಎಂದು ನಾನು ಒಮ್ಮೆ ಕೇಳಿದ್ದೆ. ಧೈರ್ಯದಿಂದಲೇನೂ ಅಲ್ಲ, ಬಿಕ್ಕಳಿಕೆಯ ಹಾಗೆ ಬಂದುಬಿಟ್ಟಿತ್ತು.

"ಎರಡ ಕೀಲಿಕೈ ಅಂದ್ರ ಎರಡ ಕಳ್ಳರು," ಎಂದ ಅಳಿಯ. "ನಿಮಗ್ಯಾಕ ಬೇಕಾಗೇತಿ ಮ್ಯಾನೇಜರ್ರ ಇನ್ನೊಂದು?"

ಆ ಪ್ರಶ್ನೆ ಕೇಳಿದ ರೀತಿಗೆ ನಾನು ಮಾತು ಬದಲಿಸಿ ಮಳೆಯ ವಿಷಯ ತೆಗೆದೆ. ಯಾರಿಗೂ ಹೇಳದೆ ಒಂದು ಪ್ರತಿ ತೆಗೆದಿಟ್ಟುಕೊಳ್ಳುವುದಕ್ಕೆ ನನಗೆ ಎರಡು ನಿಮಿಷ ಸಾಕಿತ್ತು. ಖಾಲಿ ಫ್ಲಾಪಿಯೂ ಡ್ರಾವರಿನಲ್ಲಿತ್ತು. ಆದರೆ ಅದು ಸಿಕ್ಕಿಬಿದ್ದರೆ? ಯಾರಾದರೂ ನೋಡಿದರೆ? ಪೊಲೀಸರು ಬಂದರೆ? ಹೀಗೆ ಆ ಒಂದು ಪ್ರತಿಯ ಸುತ್ತ ಹನ್ನೊಂದು ಹೊಸ ಅನಾಹುತ ಎಣಿಸಿ, ಪ್ರತಿ ಮಾಡದೆ ಡ್ರಾವರು ಮುಚ್ಚಿದೆ. ಚಿಂತೆ ಮಾಡುವವರು ಎಚ್ಚರದ ಜನ ಎಂದು ನೀವು ತಿಳಿದಿದ್ದರೆ ಅದು ತಪ್ಪು. ನಾವು ಬಹಳ ದುಡಿಯುವ ಸೋಮಾರಿಗಳು.

ದಸರೆ ಬಂತು. ಖಂಡೇ ಪೂಜೆಯ ದಿನ ನಮ್ಮಲ್ಲಿ ದುಡಿಯುವ ವಸ್ತುಗಳಿಗೆಲ್ಲ ಪೂಜೆ. ಕುಡುಗೋಲು, ಕತ್ತರಿ, ತೂಕದ ಕಲ್ಲು, ಸ್ಪ್ರೇಯರು, ಟೆಂಪೋ, ಎಲ್ಲವೂ ತೊಳೆದು ಹೊಳೆಯುತ್ತಿದ್ದವು. ಕಂಪ್ಯೂಟರಿಗೆ ಚೆಂಡು ಹೂವಿನ ಮಾಲೆ, ಎರಡು ಕಡೆ ಕಬ್ಬು. ಮಾನಿಟರಿನ ಗಾಜಿನ ಮೇಲೆ ಮೂರು ಬೆರಳ ವಿಭೂತಿ. ಕೀಲಿಕೈಗಳ ಗೊಂಚಲನ್ನು ತಟ್ಟೆಯಲ್ಲಿಟ್ಟು ಪೂಜೆ ಮಾಡುವುದು ನಮ್ಮ ಕಂಪನಿಯ ಹಳೆಯ ಪದ್ಧತಿ: ಗೋದಾಮಿನದು, ತಂಪು ಕೋಣೆಯದು, ತಿಜೋರಿಯದು.

"ಮತ್ತ ಆ ಕೀಲಿಕೈ?" ಎಂದು ಸಾವಕಾರ್ರು ನೆನಪಿಸಿದರು. "ಎಲ್ಲಾದಕ್ಕಿಂತ ದೊಡ್ಡದು ಅದ ಅಲ್ಲೇನ? ತರ್ರಿ ಅದನ್ನ."

ಅಳಿಯ ಡಬ್ಬಿ ತಂದು, ಫ್ಲಾಪಿಯನ್ನು ಎರಡೂ ಕೈಯಲ್ಲಿ ಹಿಡಿದು ತಟ್ಟೆಯಲ್ಲಿಟ್ಟ. ಕುಂಕುಮದ ಬಟ್ಟಲು ನನ್ನ ಕೈಗೆ ಬಂತು. ಪ್ರತಿ ವರ್ಷವೂ ಅದು ನನ್ನ ಕೆಲಸ. ಎಲ್ಲಕ್ಕೂ ಹಚ್ಚಿದೆ. ಟೆಲಿಫೋನಿಗೆ ಹಚ್ಚಿದೆ, ಪಂಚಿಂಗ್ ಮಷೀನಿಗೆ ಹಚ್ಚಿದೆ, ನೀರಿನ ಫಿಲ್ಟರಿಗೂ ಹಚ್ಚಿದೆ. ಯಾವ ವಸ್ತುವೂ ಬಿಟ್ಟುಹೋಗಿ ಮುನಿಸಿಕೊಂಡು ವರ್ಷದ ನಡುವೆ ಕೈಕೊಡಬಾರದು ಎಂಬುದು ನನ್ನ ಲೆಕ್ಕಾಚಾರ. ಫಕೀರಪ್ಪ ತೆಂಗಿನಕಾಯಿ ಒಡೆದ. ಹೊರಗೆ ಕುಂಬಳಕಾಯಿ ಒಡೆಯಿತು. ಮರುದಿನ ಬನ್ನಿ ಹಂಚಿ, ಬಂಗಾರದಂಗ ಇರೋಣು ಎಂದು ಒಬ್ಬರ ಕಾಲು ಒಬ್ಬರು ಮುಟ್ಟಿ ಮನೆಗೆ ಹೋದೆವು. ಅಳಿಯನ ಕಾಲನ್ನೂ ಮುಟ್ಟಿದೆ. ನನಗಿಂತ ನಾಲ್ಕು ವರ್ಷ ಚಿಕ್ಕವನು.

ದಸರೆ ಮುಗಿದ ವಾರ ಸಸಿಮಡಿಗೆ ಬೀಜ ಹಾಕಬೇಕು. ಹೆಣ್ಣು ತಳಿ ಯಾವ ಪೊಟ್ಟಣ, ಗಂಡು ಯಾವುದು, ಯಾವ ರೈತರಿಗೆ ಯಾವ ಜೋಡಿ, ಎಲ್ಲವನ್ನೂ ಕಡತ ತೆರೆದು ಬರೆದುಕೊಳ್ಳಬೇಕು. ಸೋಮವಾರ ಬೆಳಿಗ್ಗೆ ಅಳಿಯ ಫ್ಲಾಪಿ ತುರುಕಿದ. ಕಂಪ್ಯೂಟರು ಕರಕರ ಎಂದಿತು. ಜೋಳದಲ್ಲಿ ಹರಳು ಸಿಕ್ಕ ಬೀಸುಕಲ್ಲಿನ ಸದ್ದು. ಪರದೆಯ ಮೇಲೆ, ಓದಲಾಗುತ್ತಿಲ್ಲ ಎಂಬ ಅರ್ಥದ ಸಾಲು.

ತೆಗೆದು ಊದಿ ಮತ್ತೆ ಹಾಕಿದ. ಕರಕರ. ಪಕ್ಕದ ಕಾರ್ಖಾನೆಯ ಕಂಪ್ಯೂಟರಿಗೆ ಒಯ್ದ. ಹುಬ್ಬಳ್ಳಿಯ ಮೂರು ಕಡೆಗೆ ಒಯ್ದ. ಹೋದಲ್ಲೆಲ್ಲ ಆ ಕಂಪ್ಯೂಟರಿನ ಫ್ಲಾಪಿಯ ಬಾಯಿಯೂ ಕೆಟ್ಟು ಕೂತಿತು. ಸಾಂಕ್ರಾಮಿಕ ರೋಗ ಹೊತ್ತು ತಿರುಗಿದ ಹಾಗೆ. ವಾಪಸು ಬಂದಾಗ ಅವನ ಮುಖ ವಹಿ ಸುಟ್ಟ ಬೂದಿಯ ಬಣ್ಣವಾಗಿತ್ತು. ಜೀವನದಲ್ಲಿ ಮೊದಲ ಬಾರಿ ಅವನನ್ನು ನೋಡಿ ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಬಲಗೈಯನ್ನು ಜೇಬಿಗೆ ಸೇರಿಸಿಕೊಂಡು ಕೂತೆ.

ಫಕೀರಪ್ಪನನ್ನು ಕರೆಸಿದರು. ವಿಷಯ ಹೇಳಿದರು. ಇಪ್ಪತ್ತೆರಡು ವರ್ಷದ ಬೀಗರೆಲ್ಲ ಒಂದೇ ಬೆಳಿಗ್ಗೆ ಹೆಸರಿಲ್ಲದವರಾಗಿದ್ದರು. ಆದರೂ ಮೊದಲು ಬಾಯಿ ಬಿಟ್ಟದ್ದು ಉಪಾಯ ಹೇಳಲಿಕ್ಕೆ.

"ಸಾವಕಾರ್ರ, ಒಂದ ಕೆಲಸಾ ಮಾಡೋಣು. ನೂರಾ ಹನ್ನೆರಡೂ ಪೊಟ್ಟಣದಾಗಿಂದ ಒಂದೊಂದ ಚಿಟಿಕಿ ಬ್ಯಾರೆ ಬ್ಯಾರೆ ಹಾಕ್ರಿ. ಎಲಿ ನೋಡಿ ಅರ್ಧಾ ಹೇಳ್ತೇನಿ, ಹೂವ ನೋಡಿ ಉಳದಿದ್ದು ಹೇಳ್ತೇನಿ. ಈ ಹಂಗಾಮ ಹೋಗತೈತಿ, ಹೋಗ್ಲಿ. ಬ್ಯಾಸಗಿ ಅನ್ನೂದ್ರಾಗ ಎಲ್ಲಾರ ಹೆಸರೂ ತಿರಗಿ ಬರತಾವ."

ಸಾವಕಾರ್ರ ಮುಖಕ್ಕೆ ಕಳೆ ಬಂತು. ಅಲ್ಲಿಗೇ ಮುಗಿದಿದ್ದರೆ ಕಂಪನಿ ಇವತ್ತಿಗೂ ಇರುತ್ತಿತ್ತು. ಆದರೆ ಕೊನೆಗೆ ಮಾತಾಡುವವನು ಇನ್ನೂ ಮಾತಾಡಿರಲಿಲ್ಲ.

"ಗೊತ್ತಾತೇನ್ರಿ ಮಾವನವರ ಆಟಾ?" ಎಂದ ಅಳಿಯ. "ವಹಿ ಸುಟ್ಟೀವಿ, ಇವನ ಕಿಮ್ಮತ್ತ ಹೋಗಿತ್ತು. ಈಗ ಫ್ಲಾಪಿ ಕೆಟ್ಟತಿ, ತಿರಗಿ ಇವನ ಬೇಕು. ಪೂಜಿ ದಿನಾ ಅದು ಊರ ಮುಂದ ತಟ್ಟಿಯೊಳಗಿತ್ತು. ಬಾಜೂಕ ನಿಂತಾಂವ ಯಾರು? ಟೆಂಗಿನಕಾಯಿ ಹಿಡಕೊಂಡಾಂವ ಯಾರು?"

"ಅಳಿಯಾವ್ರ, ಅದರ ಒಳಗ ಏನೈತಿ ಅನ್ನೂದ ನನಗ ಗೊತ್ತಿಲ್ಲ. ಕೆಡಸೂ ಇದ್ಯಾ ಎಲ್ಲಿಂದ ಬರತೈತ್ರಿ?"

"ಮತ್ತ ಮುಟ್ಟಿಲ್ಲ ಅಂತ ಆಣಿ ಮಾಡು."

ಫಕೀರಪ್ಪ ಆಣೆ ಮಾಡಲಿಲ್ಲ. ಸಾವಕಾರ್ರ ಮುಖವನ್ನಷ್ಟೇ ನೋಡಿದ. ಸಾವಕಾರ್ರು ಅವನ ದೃಷ್ಟಿಯಿಂದ ತಪ್ಪಿಸಿಕೊಳ್ಳಲು ನನ್ನ ಕಡೆ ತಿರುಗಿದರು.

"ಮ್ಯಾನೇಜರ್ರ, ಬಟ್ಟಲಾ ಹಿಡಕೊಂಡ ನೀವೂ ಅಲ್ಲೇ ಇದ್ರಿ. ಆ ಫ್ಲಾಪಿಗೆ ಯಾರರ ಏನರ ಮಾಡಿದ್ದು ನಿಮಗ ಗೊತ್ತೈತೇನು?"

ಕೋಣೆಯಲ್ಲಿದ್ದ ಎಲ್ಲದರ ಮೇಲೂ ಇನ್ನೂ ಕುಂಕುಮ ಇತ್ತು. ಟೆಲಿಫೋನಿನ ಮೇಲೆ, ಕೀಬೋರ್ಡಿನ ಮೇಲೆ, ಗಡಿಯಾರದ ಡಬ್ಬಿಯ ಮೇಲೆ.

"ಇಲ್ರಿ," ಎಂದೆ.

ಫಕೀರಪ್ಪ ನನ್ನನ್ನು ನೋಡಿದ. ಸಿಟ್ಟಿನಿಂದಲ್ಲ. ಮೊಳಕೆಯೊಡೆಯದ ಬೀಜವನ್ನು ಅಂಗೈಯಲ್ಲಿಟ್ಟು ಹೊರಳಿಸಿ ನೋಡುತ್ತಿದ್ದನಲ್ಲ, ಹಾಗೆ. ಆಮೇಲೆ ಉಡಿದಾರಕ್ಕೆ ಕಟ್ಟಿದ್ದ ತಂಪು ಕೋಣೆಯ ಕೀಲಿಕೈ ಬಿಚ್ಚಿ ಮೇಜಿನ ಮೇಲಿಟ್ಟ. ಟೊಪ್ಪಿಗೆ ಸರಿಮಾಡಿಕೊಂಡ.

"ಪಂಪಿನ ವಾಲ್ವ ಸ್ವಲ್ಪ ಸೋರತೈತಿ. ರಿಪೇರಿ ಮಾಡಸ್ರಿ," ಎಂದು ಹೇಳಿ ಹೊರಟುಹೋದ.

ಅಳಿಯ ತಾನೇ ಅಂದಾಜಿನ ಮೇಲೆ ಪೊಟ್ಟಣಗಳ ಜೋಡಿ ಮಾಡಿದ. ಗಂಡಿಗೆ ಗಂಡು, ಹೆಣ್ಣಿಗೆ ಹೆಣ್ಣು ಏನೇನು ಕೂಡಿಸಿದನೋ, ಮುಂದಿನ ವರ್ಷ ರೈತರ ಹೊಲದಲ್ಲಿ ಬಂದ ಗಿಡಗಳ ಕಾಯಿಗಳು ಆಕಾಶಕ್ಕೆ ಮುಖ ಮಾಡಿ ನಿಂತವು, ಕಿರುಬೆರಳಿನಷ್ಟೂ ಇಲ್ಲದವು. ಅದಕ್ಕೊಂದು ಹೊಸ ಹೆಸರಿಟ್ಟು ಮಾರಲು ನೋಡಿದ. ರೈತರು ಪೊಟ್ಟಣಗಳನ್ನು ತಂದು ಗೇಟಿನ ಒಳಗೆ ಎಸೆದು ಹೋದರು. ಎರಡು ವರ್ಷಕ್ಕೆ ಬಾಗಿಲು ಮುಚ್ಚಿತು. ಸಾವಕಾರ್ರು ತೀರಿಕೊಂಡರು. ಅಳಿಯ ಐದನೇ ವ್ಯಾಪಾರಕ್ಕೆ ಹೋದ. ಮುಳುಗಿಸಲಿಕ್ಕೆ ಇನ್ನೂ ಏನಾದರೂ ಸಿಕ್ಕಿರುತ್ತದೆ, ಅವನ ದೈವ ದೊಡ್ಡದು. ಕಲಸಿಟ್ಟ ಕಡತದ ಸಿಡಿ ಸಾವಕಾರ್ರ ಮನೆಯ ದೇವರ ಗೂಡಿನಲ್ಲಿ ಬಹಳ ವರ್ಷ ಇತ್ತಂತೆ. ಯಾವ ಕಳ್ಳನೂ ಅದನ್ನು ಓದಲಿಲ್ಲ. ಭದ್ರತೆ ಎಂದರೆ ಭದ್ರತೆ.

ಇಷ್ಟೆಲ್ಲ ನೆನಪಾಗಿ, ಪಾರ್ಸೆಲ್ ಬಗಲಲ್ಲಿಟ್ಟುಕೊಂಡವನು ಮನೆಗೆ ಹೋಗಲಿಲ್ಲ. ರಿಕ್ಷಾ ಹತ್ತಿ ಕೆಲಗೇರಿ ಎಂದೆ. ಫಕೀರಪ್ಪ ಅಲ್ಲಿ ಸಣ್ಣ ನರ್ಸರಿ ಇಟ್ಟಿದ್ದಾನೆಂದು ಎಷ್ಟೋ ವರ್ಷದಿಂದ ಕೇಳಿದ್ದೆ. ಕೇಳಿ ಕೇಳಿ ಆ ದಾರಿಯನ್ನೇ ಬಿಟ್ಟಿದ್ದೆ. ಕೆರೆಯ ಕಡೆಯ ಗಾಳಿಗೆ ಹಸಿರು ನೆರಳುಬಟ್ಟೆ ಪಟಪಟ ಎನ್ನುತ್ತಿತ್ತು. ಕೆಳಗೆ ಸಸಿಗಳ ತಟ್ಟೆಗಳ ನಡುವೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಒಂದು ಹಿಡಿಯಷ್ಟಾಗಿ ಕೂತಿದ್ದ. ಗುರುತು ಹಿಡಿಯಲು ಅವನಿಗೆ ಅರೆಕ್ಷಣವೂ ಬೇಕಾಗಲಿಲ್ಲ.

"ಬರ್ರಿ ಮ್ಯಾನೇಜರ್ ಸಾಹೇಬ್ರ. ಎಷ್ಟ ಲಗೂ ಬಂದ್ರಿ?"

ಆ ಕೊಂಕಿಗೆ ನಗಬೇಕೋ ಬೇಡವೋ ತಿಳಿಯದೆ, ಪಾರ್ಸೆಲ್ಲನ್ನು ಎದೆಗೊತ್ತಿಕೊಂಡು ನಿಂತೆ. "ಒಂದು ಮಾತು ಹೇಳಬೇಕಾಗಿತ್ತು," ಎಂದೆ.

"ಬೊಟ್ಟಿನ ಮಾತೇನ್ರಿ?"

ನಾನು ಪಾರ್ಸೆಲ್ ಕೆಳಗಿಟ್ಟೆ. ಅವನೇ ಹೇಳಿದ, ಸಸಿಯ ಬುಡದ ಮಣ್ಣು ಒತ್ತುತ್ತ.

"ಗೋದಾಮಿನ ಕೀಲಿಕೈಗೆ ಬೊಟ್ಟ ಇಟ್ರಿ. ತಿಜೋರಿದಕ್ಕ ಇಟ್ರಿ. ಫ್ಲಾಪಿ ಮ್ಯಾಲಿನ ಕಾಗದಕ್ಕೂ ಇಟ್ರಿ. ಎರಡ ಹೆಜ್ಜಿ ಮುಂದ ಹ್ವಾದ್ರಿ. ತಿರಗಿ ಬಂದ್ರಿ. ಆ ತಗಡ ಉಗರ್ಲೆ ಸರಿಸಿ ಒಳಗೂ ಇಟ್ರಿ. ನಾ ಕಾಯಿ ಹಿಡಕೊಂಡ ನಿಮ್ಮ ಬೆನ್ನ ಹಿಂದ ನಿಂತಿದ್ನಲ್ರಿ."

"ಮತ್ತ ಅವತ್ತ ಯಾಕ ಹೇಳಲಿಲ್ಲ ಫಕೀರಪ್ಪಾ?"

"ಅವರು ಕೇಳಿದ್ದು ನಿಮಗ. ನನಗೆಲ್ಲಿ ಕೇಳಿದ್ರು? ನನಗ ಆಣಿ ಮಾಡು ಅಂದ್ರು."

ಮುಂದೆ ಅವನು ಬೈಯಲಿಲ್ಲ, ಕ್ಷಮಿಸಿದೆ ಎನ್ನಲೂ ಇಲ್ಲ. ಹೋಗುವಾಗ ಒಂದು ಮೆಣಸಿನ ಸಸಿಯನ್ನು ಕಾಗದದಲ್ಲಿ ಸುತ್ತಿ ಕೈಗಿತ್ತ.

"ಇದ್ಯಾವ ತಳಿ?" ಎಂದೆ, ಏನಾದರೂ ಕೇಳಬೇಕಲ್ಲ ಎಂದು.

"ನಂದ ಹೊಸಾದು. ಮ್ಯಾನೇಜರ ಅಂತ ಹೆಸರಿಟ್ಟೇನಿ. ಗಾಳಿ ಬರೂಕಿಂತ ಮೊದಲ ಬಾಗತೈತಿ. ಹಿಂಗಾಗಿ ಮುರಿಯಂಗಿಲ್ಲ."

ಮನೆಗೆ ಬಂದು ಅಟ್ಟದಿಂದ ನೋಟ್‌ಬುಕ್ಕು ಇಳಿಸಿದೆ. ಅರವತ್ಮೂರೂ ಅನಾಹುತ ನನ್ನದೇ ದುಂಡಗಿನ ಅಕ್ಷರದಲ್ಲಿ ಸಾಲಾಗಿ ಕೂತಿವೆ. ನಲವತ್ತೊಂದನೆಯದು: 'ಫ್ಲಾಪಿಯ ತಗಡು ಸರಿಸಿ ಒಳಗಿನ ಕಂದು ಹಾಳೆಯನ್ನು ಬೆರಳಿನಿಂದ ಮುಟ್ಟಿದರೆ ಕೆಡುತ್ತದೆ.' ಅದರ ಕೆಳಗೆ, ಯಾರು ಯಾರು ಮುಟ್ಟಬಹುದು ಎಂಬ ಪಟ್ಟಿ: ಕಸ ಹೊಡೆಯುವವಳು, ಬಂದುಹೋಗುವ ರೈತರು, ಅಳಿಯ, ಅಳಿಯನ ಮಗ. ಆ ದಿನ ಎರಡು ಹೆಜ್ಜೆ ಹೋಗಿ ತಿರುಗಿ ಬಂದಾಗ ನನ್ನ ತಲೆಯಲ್ಲಿದ್ದದ್ದು ಒಂದೇ: ಕಾಗದಕ್ಕೆ ಹಚ್ಚಿದ ಕುಂಕುಮ ಕಾಗದವನ್ನು ಮಾತ್ರ ಕಾಪಾಡಿದರೆ? ಒಳಗಿರುವ ಕೆರೀ ಸೊಸಿಯ ಗತಿ?

ಕಳ್ಳ ಬರಲಿಲ್ಲ. ಸಿಡಿಲು ಬಡಿಯಲಿಲ್ಲ. ಇಲಿಗಳು ಕೊನೆಯವರೆಗೂ ಮರ್ಯಾದೆಯಿಂದಿದ್ದವು. ಆದದ್ದು ಇಷ್ಟೇ: ನನ್ನ ಬಲಗೈಯ ಉಂಗುರ ಬೆರಳಿನ ತುದಿಗೆ ಹತ್ತುವಷ್ಟು ಕುಂಕುಮ.